ನಾಲ್ಕು ಮಳೆಗಾಲ ಕಂಡ ಬೋಲ್ ಗೌಜ್

ಮೊದಲೇ ಹೇಳಿಬಿಡುತ್ತೇನೆ. ಲೇತ್ ಮೇಲೆ, ಅಂದರೆ ಮರ ತಿರುಗಿಸುವ ಯಂತ್ರದ ಮೇಲೆ, ಮರ ಕಡೆಯುವುದನ್ನು ಕಲಿಯುವ ಆಸೆ ಇದ್ದರೆ ಆರು ಉಳಿಗಳ ಅಗ್ಗದ ಸೆಟ್ ತಗೋಬೇಡಿ. ನಾನು ತಗೊಂಡೆ. ಅದರ ಜೊತೆ ಗುದ್ದಾಡಿ ಎರಡು ವರ್ಷ ಕಳೆದ ಮೇಲೆ ಒಂದೇ ಒಂದು ಒಳ್ಳೆಯ ಬೋಲ್ ಗೌಜ್, ಅಂದರೆ ಬಟ್ಟಲು ಕಡೆಯುವ ಉಳಿ, ತರಿಸಿದೆ. ಈ ವಿಮರ್ಶೆ ಅದರದ್ದು. ತರಿಸಿ ನಾಲ್ಕು ಮಳೆಗಾಲ ಆಯಿತು.

ನಮ್ಮದು ಸಾಗರದ ಹತ್ತಿರದ ಹಳ್ಳಿ. ಹಗಲು ಅಡಿಕೆ ತೋಟ, ಸಂಜೆ ಕೊಟ್ಟಿಗೆ ಪಕ್ಕದ ಶೆಡ್‌ನಲ್ಲಿ ಲೇತ್. ಅಮ್ಮನ ಕಡೆಗೋಲು ಮುರಿದಾಗ ಶುರುವಾದ ಹುಚ್ಚು ಇದು. ಆಮೇಲೆ ಲಟ್ಟಣಿಗೆ ಆಯಿತು, ಮಕ್ಕಳಿಗೆ ಬುಗುರಿ ಆಯಿತು. ಉಪ್ಪು ಹಾಕಿಡುವ ಮರಿಗೆ ಮಾಡೋಣ ಅಂತ ಹೊರಟಾಗ ನಿಜವಾದ ಕಷ್ಟ ಗೊತ್ತಾಯಿತು.

ಗೌಜ್ ಅಂದರೆ ಉದ್ದಕ್ಕೂ ಹಳ್ಳ ತೆಗೆದ ಉಳಿ. ನಮ್ಮ ಕಡೆ ಉಳಿ ಅಂದ ಕೂಡಲೇ ಮರ ಕೆತ್ತುವ ಗುಡಿಗಾರರ ನೆನಪು ಬರುತ್ತದೆ. ಆದರೆ ಅವರ ಕೆಲಸದಲ್ಲಿ ಮರ ಸುಮ್ನೆ ಇರುತ್ತದೆ, ಉಳಿ ಓಡಾಡುತ್ತದೆ. ಲೇತ್‌ನಲ್ಲಿ ಮರವೇ ನಿಮಿಷಕ್ಕೆ 800, 1000 ಸುತ್ತು ತಿರುಗಿ ಬಂದು ಉಳಿಗೆ ಬಡಿಯುತ್ತದೆ. ಹಾಗಾಗಿ ಉಳಿಯೂ ಬೇರೆಯೇ ಬೇಕು.

ನನ್ನ ಅಗ್ಗದ ಸೆಟ್‌ನಲ್ಲಿ ಬೋಲ್ ಗೌಜ್ ಇರಲೇ ಇಲ್ಲ. ಇದ್ದದ್ದು ಒರಟು ಮರವನ್ನು ದುಂಡು ಮಾಡುವ, ಅಗಲ ಬಾಯಿಯ ರಫಿಂಗ್ ಗೌಜ್. ದೊಡ್ಡದಿದೆಯಲ್ಲ, ಗಟ್ಟಿ ಇರುತ್ತೆ ಅಂದುಕೊಂಡು ಹಲಸಿನ ಬೊಡ್ಡೆಯ ಒಳಗೆ ಅದನ್ನೇ ಇಟ್ಟೆ. ಒಂದು ಕ್ಷಣ. ಢಬ್ ಅಂತ ಸದ್ದಾಯಿತು, ಕೈ ಜೋಮು ಹಿಡಿಯಿತು, ಮರ ಅದನ್ನು ಹಿಡಿದಿಡುವ ಚಕ್‌ನಿಂದ ಕಿತ್ತುಕೊಂಡು ಹೋಗಿ ಗೋಡೆಗೆ ಬಡಿಯಿತು. ನೋಡಿದರೆ ಉಳಿ ಕಾವಿಗೆ ಸೇರುವ ಜಾಗದಲ್ಲಿ ಬಗ್ಗಿದೆ. ರಫಿಂಗ್ ಗೌಜ್ ಬಾಯಿ ಎಷ್ಟು ಅಗಲ ಇದ್ದರೂ ಕಾವಿನೊಳಗೆ ಹೋಗುವ ಬಾಲ ಮಾತ್ರ ತೆಳ್ಳಗಿನ ಪಟ್ಟಿ. ಕಡೆಗೋಲಿನಂತಹ ಉದ್ದ ಸಾಮಾನಿನಲ್ಲಿ ಮರದ ಎಳೆ ಉದ್ದಕ್ಕೆ ಇರುವುದರಿಂದ ಅದು ಸಾಕು. ಬಟ್ಟಲಿನಲ್ಲಿ ಹಾಗಲ್ಲ. ಪ್ರತಿ ಸುತ್ತಿಗೂ ಎರಡು ಸಲ ಎಳೆಯ ತುದಿ ಎದುರಾಗಿ ಬರುತ್ತದೆ, ಅದರ ಮೇಲೆ ಉಳಿ ತಾನು ಊರಿದ ಆಸರೆಯಿಂದ ಮುಂದಕ್ಕೆ ಚಾಚಿಕೊಂಡಿರುತ್ತದೆ. ಬೋಲ್ ಗೌಜ್ ಹಾಗಲ್ಲದೆ ಉದ್ದಕ್ಕೂ ಒಂದೇ ದುಂಡು ಸರಳು, ಹಳ್ಳವೂ ಆಳ. ರಫಿಂಗ್ ಗೌಜನ್ನು ಬಟ್ಟಲಿಗೆ ಯಾವತ್ತೂ ಹಾಕಬಾರದು. ಅವತ್ತು ಹೆಲ್ಮೆಟ್ ಗಾಜು ಮುಖಕ್ಕಿತ್ತು, ಪುಣ್ಯ.

ಬಗ್ಗಿದ ಉಳಿಯನ್ನು ನಮ್ಮ ದೊಡ್ಡ ಮಾವನಿಗೆ ತೋರಿಸಿದೆ. ಅವರು ಭದ್ರಾವತಿ ಕಬ್ಬಿಣದ ಕಾರ್ಖಾನೆಯಲ್ಲಿ ದುಡಿದವರು. ಪೆಟ್ಟಿಗೆ ಮೇಲೆ ಹೈಸ್ಪೀಡ್ ಸ್ಟೀಲ್ ಅಂತ ಬರೆದಿದೆಯಲ್ಲ ಮಾವ ಅಂದೆ. "ಪೆಟ್ಟಿಗೆ ಬಿಡು ಮಾರಾಯ, ಗ್ರೈಂಡರಿಗೆ ಹಿಡಿ ನೋಡೋಣ" ಅಂದರು. ಹಿಡಿದರೆ ದೀಪಾವಳಿಯ ಸುರ್‌ಸುರ್ ಬತ್ತಿ ಹಾಗೆ ಬೆಳ್ಳಗೆ ಚಿಟಿಚಿಟಿ ಒಡೆಯುವ ಕಿಡಿ. ಅದು ಸಾದಾ ಕಾರ್ಬನ್ ಉಕ್ಕಿನ ಗುರುತು. ಟಂಗ್‌ಸ್ಟನ್ ಸೇರಿದ ಹೈಸ್ಪೀಡ್ ಉಕ್ಕಾದರೆ ಕಿಡಿ ಮಂಕು ಕೆಂಪಾಗಿ, ಸಣ್ಣ ಗೆರೆಯಾಗಿ ಬೀಳುತ್ತದೆ. ಒಡೆಯುವುದೇ ಇಲ್ಲ ಅನ್ನಬಹುದು. ಅರ್ಧ ನಿಮಿಷದ ಪರೀಕ್ಷೆ.

ಉಕ್ಕು ಯಾವುದಾದರೇನು ಅಂತ ನೀವು ಕೇಳಬಹುದು. ಸಾಣೆ ಹಿಡಿಯಲು ಅಂಗಡಿಯಲ್ಲಿ ಸಿಗುವ ಸಾಮಾನ್ಯ ಗ್ರೈಂಡರ್ ನಿಮಿಷಕ್ಕೆ 2800 ಸುತ್ತು ತಿರುಗುತ್ತದೆ. ತೆಳ್ಳಗಿನ ಬಾಯಿ ಸೆಕೆಂಡಿನಲ್ಲಿ ಕಾಯುತ್ತದೆ. ಕಾರ್ಬನ್ ಉಕ್ಕು 300 ಡಿಗ್ರಿ ಸುಮಾರಿಗೆ ನೀಲಿ ಬಣ್ಣಕ್ಕೆ ತಿರುಗಿದರೆ ಅಲ್ಲಿಗೆ ಅದರ ಗಟ್ಟಿತನ ಹೋಯಿತು. ಆ ಭಾಗ ಪೂರ್ತಿ ಸವೆಸಿ ತೆಗೆಯಬೇಕು. ಹೈಸ್ಪೀಡ್ ಉಕ್ಕು 500 ಡಿಗ್ರಿ ಕಂಡರೂ ಗಟ್ಟಿಯಾಗೇ ಇರುತ್ತದೆ. ನೀಲಿ ಬಣ್ಣ ನೋಡಿ ಹೆದರಬೇಕಿಲ್ಲ. ಆದರೆ ಕಾದ ಹೈಸ್ಪೀಡ್ ಉಳಿಯನ್ನು ಗಾಬರಿಯಲ್ಲಿ ನೀರಿಗೆ ಅದ್ದಬೇಡಿ, ಬಾಯಲ್ಲಿ ಕಣ್ಣಿಗೆ ಕಾಣದ ಬಿರುಕು ಬರಬಹುದು. ಸುಮ್ನೆ ಆರಲು ಬಿಡಿ.

ಕೊನೆಗೆ ತರಿಸಿದ್ದು ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಮಾಡಿದ ಬೋಲ್ ಗೌಜ್, ಎಂ2 ಅನ್ನುವ ಹೈಸ್ಪೀಡ್ ಉಕ್ಕಿನದ್ದು. ರಾಬರ್ಟ್ ಸಾರ್ಬಿ, ಕ್ರೌನ್ ಇವೆಲ್ಲ ಆ ಊರಿನ ಉಳಿ ಕಂಪನಿಗಳೇ. ಕಾವು ಇಲ್ಲದೆ ಬರೀ ಸರಳು ತರಿಸಿದೆ, ದುಡ್ಡು ಉಳಿಯಿತು. ಮನೆಯಲ್ಲಿದ್ದ ಹಳೆಯ ಹೊನ್ನೆ ತೊಲೆಯ ತುಂಡಿನಲ್ಲಿ ಕಾವು ನಾನೇ ಕಡೆದೆ, ತುದಿಗೆ ಹಿತ್ತಾಳೆ ಪೈಪಿನ ಬಳೆ ಹಾಕಿದೆ. ಅಂಗಡಿ ಕಾವಿಗಿಂತ ನಾಲ್ಕು ಬೆರಳು ಉದ್ದ, ಕೈಗೆ ಸರಿಯಾಗಿ ಕೂರುತ್ತದೆ.

ಅಳತೆಯಲ್ಲಿ ಮಾತ್ರ ಹುಷಾರು. ಇಂಗ್ಲೆಂಡಿನವರು ಬೋಲ್ ಗೌಜನ್ನು ಹಳ್ಳದ ಅಗಲದಿಂದ ಕರೆಯುತ್ತಾರೆ, ಅಮೆರಿಕದವರು ಸರಳಿನ ದಪ್ಪದಿಂದ. ಇಂಗ್ಲೆಂಡಿನ 3/8 ಇಂಚು, ಅಮೆರಿಕದ 1/2 ಇಂಚು ಎರಡೂ ಒಂದೇ ಸಾಮಾನು. ಆನ್‌ಲೈನ್ ಅಂಗಡಿಗಳಲ್ಲಿ ಎರಡೂ ಬೆರೆತು ಹೋಗಿರುತ್ತವೆ. ಸರಳಿನ ದಪ್ಪ ಎಷ್ಟು ಮಿಲಿಮೀಟರ್ ಅಂತ ಕೇಳಿ. ಸುಮಾರು 12.7 ಅಂದರೆ ನನ್ನದು, ಮನೆ ಬಳಕೆಯ ಬಟ್ಟಲಿಗೆ ಸಾಕು. 15.9 ಅಂದರೆ ಇನ್ನೊಂದು ಅಳತೆ ಮೇಲಿನದು, ಸಣ್ಣ ಲೇತ್‌ಗೆ ಜಾಸ್ತಿಯಾಯಿತು.

ಕೈಗೆ ಬಂದ ಮೇಲೆ ಹಳ್ಳದ ಒಳಗೆ ಉಗುರು ಎಳೆದು ನೋಡಿ. ಗೀರು ತಾಗಬಾರದು. ಉಳಿಯ ಬಾಯಿ ಅಂದರೆ ಹೊರಗಿನ ಇಳಿಜಾರು ಮತ್ತು ಒಳಗಿನ ಹಳ್ಳ ಸೇರುವ ಗೆರೆ, ಅಲ್ವಾ? ಹಳ್ಳ ಒರಟಾಗಿದ್ದರೆ ಹೊರಗೆ ಎಷ್ಟು ಸಾಣೆ ಹಿಡಿದರೂ ಬಾಯಿ ಗರಗಸದ ಹಲ್ಲಿನ ಹಾಗೇ ಇರುತ್ತದೆ. ನನ್ನ ಹಳೆಯ ಸೆಟ್‌ನ ಅರ್ಧ ರೋಗ ಇದೇ ಆಗಿತ್ತು.

ಹೊಸ ಗೌಜ್ ಕೂಡ ಮೊದಲ ದಿನವೇ ಬೆಣ್ಣೆ ಹಾಗೆ ಕಡೆಯಲಿಲ್ಲ. ಕಾರ್ಖಾನೆಯ ಬಾಯಿ ನನ್ನ ಕೈಗೆ ಒಗ್ಗಲಿಲ್ಲ. ಬಾಯಿಯ ಎರಡೂ ಪಕ್ಕದ ರೆಕ್ಕೆ ಹಿಂದಕ್ಕೆ ಎಳೆದು, ತುದಿಯ ಮೂತಿ 55 ಡಿಗ್ರಿ ಆಸುಪಾಸು ಇಟ್ಟು ತಿದ್ದಿಕೊಂಡೆ. ಪ್ರತಿ ಸಲ ಅದೇ ಕೋನ ಬರಲಿ ಅಂತ ಪ್ಲೈವುಡ್‌ನಲ್ಲಿ ಉಳಿ ಹಿಡಿದಿಡುವ ಒಂದು ಚೌಕಟ್ಟು ಮಾಡಿದೆ. ಗ್ರೈಂಡರಿನ ಬೂದು ಕಲ್ಲು ತೆಗೆದು ಬಿಳಿ ಅಲ್ಯುಮಿನಿಯಂ ಆಕ್ಸೈಡ್ ಕಲ್ಲು ಹಾಕಿದೆ. ಇಳಿಜಾರಿಗೆ ಮಾರ್ಕರ್ ಪೆನ್ ಬಳಿದು ಕಲ್ಲಿಗೆ ತಾಗಿಸಿದರೆ ಎಲ್ಲಿ ಉಜ್ಜುತ್ತಿದೆ ಅಂತ ಗೊತ್ತಾಗುತ್ತದೆ. ನನ್ನ ಲೆಕ್ಕದಲ್ಲಿ ಉಳಿಗೆ ಎಷ್ಟು ಖರ್ಚು ಮಾಡುತ್ತೀರೋ ಅಷ್ಟನ್ನೇ ಸಾಣೆಗೂ ತೆಗೆದಿಡಿ.

ನಾಲ್ಕು ವರ್ಷದಲ್ಲಿ ಗೌಜ್ ಸುಮಾರು 30 ಮಿಲಿಮೀಟರ್ ಸವೆದಿದೆ. ಹಳ್ಳ ಇನ್ನೂ ಬೇಕಾದಷ್ಟು ಉಳಿದಿದೆ. ಹಸಿ ಹಲಸಿನ ಮೇಲೆ ಅದು ಓಡುವುದು ನೋಡಬೇಕು, ಹಳದಿ ಸಿಪ್ಪೆ ರಿಬ್ಬನ್ ಹಾಗೆ ಭುಜದ ಮೇಲೆ ಹಾರಿ ಬೀಳುತ್ತದೆ. ಸಿಲ್ವರ್ ಓಕ್, ಶಿವನೆ ಕೂಡ ಸಲೀಸು. ತೇಗ ಮಾತ್ರ ಬಾಯಿ ತಿನ್ನುತ್ತದೆ, ಅದರಲ್ಲಿ ಮರಳಿನ ಅಂಶ ಇದೆ. ಒಂದು ಬಟ್ಟಲಿಗೆ ನಾಲ್ಕೈದು ಸಲ ಕಲ್ಲಿಗೆ ಹೋಗಬೇಕು. ತೀರ್ಥಹಳ್ಳಿಯ ಸ್ನೇಹಿತನೊಬ್ಬನ ಹತ್ತಿರ 8 ಶೇಕಡಾ ಕೋಬಾಲ್ಟ್ ಇರುವ ಎಂ42 ಗೌಜ್ ಇದೆ. ಅದೇ ತೇಗಕ್ಕೆ ಅವನು ಕಲ್ಲಿಗೆ ಎರಡೇ ಸಲ ಹೋದ. ಬೆಲೆ ಕೇಳಿ ನಾನು ನನ್ನ ಎಂ2 ಜೊತೆಗೇ ಮನೆಗೆ ಬಂದೆ.

ದೂರು ಅಂದರೆ ತುಕ್ಕು. ಹೈಸ್ಪೀಡ್ ಉಕ್ಕು ಸ್ಟೇನ್‌ಲೆಸ್ ಅಲ್ಲ. ಒಮ್ಮೆ ಆಷಾಢದಲ್ಲಿ ಹಸಿ ಅಕೇಶಿಯಾ ಕಡೆದು, ಕರೆಂಟ್ ಹೋಯಿತು ಅಂತ ಒರೆಸದೆ ಎದ್ದು ಬಂದೆ. ಕರೆಂಟ್ ಬಂದದ್ದು ಮೂರನೇ ದಿನ. ಅಷ್ಟರಲ್ಲಿ ಮರದ ಒಗರು ಹಳ್ಳದ ಒಳಗೆ ಕಪ್ಪಾಗಿ ಕೂತಿತ್ತು, ಅಂಚಿಗೆ ಕೆಂಪು ಚುಕ್ಕೆ. ಹಳ್ಳ ಮತ್ತೆ ನುಣುಪು ಮಾಡಲು ಒಂದು ಸಂಜೆ ಬೇಕಾಯಿತು. ಈಗ ಕೆಲಸ ಮುಗಿದ ಕೂಡಲೇ ಕೊಬ್ಬರಿ ಎಣ್ಣೆ ಸವರುತ್ತೇನೆ. ಮಳೆಗಾಲ ಪೂರ್ತಿ ಉಳಿಗಳ ವಾಸ ಒಲೆ ಮೇಲಿನ ಅಟ್ಟದಲ್ಲಿ, ಹಪ್ಪಳದ ಡಬ್ಬಿ ಪಕ್ಕ. ಅಮ್ಮನಿಗೆ ಅದು ಇಷ್ಟವಿಲ್ಲ.

ಕಡೆಗೋಲು, ಲಟ್ಟಣಿಗೆ, ಬುಗುರಿ ಇಷ್ಟೇ ಮಾಡುವವರಿಗೆ ಬೋಲ್ ಗೌಜ್ ಬೇಡವೇ ಬೇಡ. ಹಳ್ಳ ಕಡಿಮೆ ಇರುವ 10 ಮಿಲಿಮೀಟರ್ ಸ್ಪಿಂಡಲ್ ಗೌಜ್ ಒಂದು ತಗೊಳ್ಳಿ, ಬಾಯಿ 40 ಡಿಗ್ರಿ ಸುಮಾರು ಇರಲಿ. ಅದನ್ನೂ ಬಿಡಿಯಾಗೇ ತಗೊಳ್ಳಿ. ನನ್ನ ಸೆಟ್‌ನ ಆರರಲ್ಲಿ ಇವತ್ತಿಗೂ ಕೆಲಸಕ್ಕೆ ಬರುತ್ತಿರುವುದು ಒಂದೇ, ಬಣ್ಣದ ಡಬ್ಬದ ಮುಚ್ಚಳ ಎಬ್ಬಿಸಲು.