ಹೊಟ್ಟೆ ಕೆಟ್ಟ ಆಡಿಗೆ ನಮ್ಮ ಭಾಗದ ಪಶು ಆಸ್ಪತ್ರೆ: ಒಂದು ವಿಮರ್ಶೆ

ಕಲಬುರಗಿ ಜಿಲ್ಲೆಯಲ್ಲಿ ಮನೆಯಂಗಳದಲ್ಲಿ ಒಂದೆರಡು ಆಡು ಸಾಕಿಕೊಂಡವರು ಅವುಗಳ ಹೊಟ್ಟೆ ಕೆಟ್ಟಾಗ ಸಾಮಾನ್ಯವಾಗಿ ಮೊದಲು ಹೋಗುವುದು ಔಷಧಿ ಅಂಗಡಿಗೆ, ಅಲ್ಲಿ ಗುಣ ಕಾಣದಿದ್ದರೆ ಆಸ್ಪತ್ರೆಗೆ. ಈ ಕ್ರಮ ತಿರುಗುಮುರುಗಾಗಬೇಕು ಎಂಬುದು ನಮ್ಮ ಭಾಗದ ಸರ್ಕಾರಿ ಪಶು ಆಸ್ಪತ್ರೆಯ ಚಿಕಿತ್ಸೆಯನ್ನು ಕಣ್ಣಾರೆ ಕಂಡ ಮೇಲೆ ನನಗೆ ಮೂಡಿದ ಅಭಿಪ್ರಾಯ. ಅಲ್ಲಿ ಕೊರತೆಗಳೂ ಇವೆ, ಅವುಗಳನ್ನೂ ಮುಂದೆ ಬರೆದಿದ್ದೇನೆ.

ನಮ್ಮದು ಉಸ್ಮಾನಾಬಾದಿ ತಳಿಯ ಕಪ್ಪು ಹೆಣ್ಣಾಡು. ಮಾರಲೆಂದು ಸಾಕಿದ್ದಲ್ಲ, ಮಕ್ಕಳ ಬೆನ್ನು ಹತ್ತಿ ತಿರುಗುವ ಪ್ರಾಣಿ. ಎಳ್ಳಮಾವಾಸ್ಯೆಯ ಚರಗ ಚೆಲ್ಲಿ ಹೊಲದಿಂದ ಮರಳಿದ ಓಣಿಯವರು ಉಳಿದಿದ್ದ ಸಜ್ಜೆ ರೊಟ್ಟಿ, ಕಡಬು, ಅನ್ನ ಎಲ್ಲವನ್ನೂ ಪ್ರೀತಿಯಿಂದಲೇ ಅದರ ಮುಂದೆ ಸುರಿದಿದ್ದರು. ಮರುದಿನ ಬೆಳಿಗ್ಗೆ ಅದು ಮೆಲುಕು ಹಾಕುವುದನ್ನು ನಿಲ್ಲಿಸಿ ಹಲ್ಲು ಕಡಿಯುತ್ತ ನಿಂತಿತ್ತು. ಎಡಪಕ್ಕೆ ತುಂಬಿಕೊಂಡಿತ್ತು, ಹಿಕ್ಕೆಯ ಬದಲು ಹುಳಿ ವಾಸನೆಯ ನೀರು ಭೇದಿಯಾಗುತ್ತಿತ್ತು. ಗೊಟ್ಟದಿಂದ, ಅಂದರೆ ಔಷಧಿ ಕುಡಿಸುವ ಕೊಳವೆಯಿಂದ, ಶೇಂಗಾ ಎಣ್ಣೆ ಕುಡಿಸಿ ಎಂದು ಹಿರಿಯರೊಬ್ಬರು ಸಲಹೆ ಕೊಟ್ಟರೆ, ಔಷಧಿ ಅಂಗಡಿಯವರು ಆಡನ್ನು ನೋಡದೆ ಫೋನಿನಲ್ಲೇ ಹೊಟ್ಟೆ ಉಬ್ಬರದ ಪುಡಿಯೊಂದರ ಹೆಸರು ಹೇಳಿದರು.

ಆಸ್ಪತ್ರೆಯ ವೈದ್ಯರು ಮಾತ್ರ ಔಷಧಿಯ ಮಾತನ್ನೇ ಎತ್ತದೆ, “ಮೊದ್ಲ ಏನೇನ್ ತಿಂದದ ಹೇಳ್ರಿ” ಎಂದು ಕೇಳಿದರು. ಆಮೇಲೆ ಜ್ವರ ನೋಡಿದರು. ಎಡಪಕ್ಕೆಯ ಹಿಂದಿನ ಗುಳಿಯಲ್ಲಿ ಮುಷ್ಟಿಯಿಟ್ಟು ಒತ್ತಿದರು, ಸ್ಟೆತಸ್ಕೋಪ್ ಇಟ್ಟು ಸಾಕಷ್ಟು ಹೊತ್ತು ಆಲಿಸಿದರು. ಆರೋಗ್ಯವಾಗಿರುವ ಆಡಿನ ದೊಡ್ಡ ಹೊಟ್ಟೆ, ಅಂದರೆ ರೂಮೆನ್, ನಿಮಿಷಕ್ಕೆ ಒಂದೆರಡು ಬಾರಿಯಾದರೂ ಹೊರಳುತ್ತದೆ. ಇಲ್ಲಿ ಅದು ಸ್ತಬ್ಧವಾಗಿತ್ತು, ಒತ್ತಿದರೆ ಒಳಗೆ ನೀರು ಕುಲುಕುವ ಸದ್ದು ಕೇಳುತ್ತಿತ್ತು. ನಡುವೆ ರಂಧ್ರವಿರುವ ಮರದ ತುಂಡನ್ನು ಬಾಯಿಗೆ ಕೊಟ್ಟು, ಅದರ ಮೂಲಕ ನಳಿಕೆ ಇಳಿಸಿ ಸ್ವಲ್ಪ ದ್ರವ ತೆಗೆದು, ಬಣ್ಣ ಬದಲಾಗುವ ಕಾಗದದ ಪಟ್ಟಿಯನ್ನು ಅದರಲ್ಲಿ ಅದ್ದಿ ಡಬ್ಬಿಯ ಮೇಲಿನ ಬಣ್ಣಗಳೊಂದಿಗೆ ಹೋಲಿಸಿದರು. ಇದು ಉಬ್ಬರವಲ್ಲ, ಕಾಳು ಮತ್ತು ಹಿಟ್ಟಿನ ಪದಾರ್ಥ ಹೆಚ್ಚಾಗಿ ಹೊಟ್ಟೆ ಹುಳಿಯಾಗಿರುವುದು ಎಂದು ತೀರ್ಮಾನವಾಯಿತು.

ಈ ಭೇದವನ್ನು ಆಡು ಸಾಕಿದವರೆಲ್ಲರೂ ತಿಳಿದಿರಬೇಕು. ಹಿಟ್ಟಿನ ಅಂಶ ಅತಿಯಾದಾಗ ಅದು ರೂಮೆನ್‌ನಲ್ಲಿ ಬೇಗನೆ ಹುದುಗಿ ಲ್ಯಾಕ್ಟಿಕ್ ಆಮ್ಲವಾಗುತ್ತದೆ. ಹುಳಿಯ ಅಳತೆಯಾದ ಪಿಎಚ್ (ಅದು ಕಡಿಮೆಯಾದಷ್ಟೂ ಹುಳಿ ಹೆಚ್ಚು) ಸಾಮಾನ್ಯವಾಗಿ 6ರಿಂದ 7ರ ನಡುವೆ ಇರಬೇಕಾದದ್ದು 5.5ಕ್ಕಿಂತ ಕೆಳಗಿಳಿದು, ಮೇವು ಅರಗಿಸುವ ಸೂಕ್ಷ್ಮಜೀವಿಗಳು ಸಾಯುತ್ತವೆ. ರಕ್ತದಲ್ಲಿನ ನೀರು ಹೊಟ್ಟೆಯೊಳಕ್ಕೆ ಇಳಿದು ಮೈ ಒಣಗಿ ಕಣ್ಣು ಗುಳಿಬೀಳುತ್ತದೆ. ನೊರೆಯಿಂದ ಉಬ್ಬಿದ ಹೊಟ್ಟೆಗೆ, ಅಂದರೆ ಹಸಿ ಕುದುರೆಮೆಂತೆಯಂಥ ಮೇವನ್ನು ಒಮ್ಮೆಲೇ ತಿಂದು ಆಗುವ ಉಬ್ಬರಕ್ಕೆ, ಎಣ್ಣೆ ನೊರೆ ಒಡೆಯುವ ಔಷಧಿಯೇ ಹೌದು. ಅನ್ನನಾಳದಲ್ಲಿ ಏನಾದರೂ ಸಿಕ್ಕಿಕೊಂಡು ಗಾಳಿ ತುಂಬಿದ್ದರೆ ಆ ತಡೆ ಸರಿಯಬೇಕು, ನಳಿಕೆ ಒಳಗಿಳಿದರೆ ಗಾಳಿ ಹೊರಬರುತ್ತದೆ. ಆದರೆ ಹುಳಿಯಾದ ಹೊಟ್ಟೆಗೆ ಇವೆರಡರಿಂದಲೂ ಪ್ರಯೋಜನವಿಲ್ಲ. ಮೇಲಾಗಿ ತಲೆ ಎತ್ತಿ ಹಿಡಿದು ಗೊಟ್ಟ ಹಾಕಿದರೆ ಎಣ್ಣೆ ಶ್ವಾಸಕೋಶಕ್ಕೆ ಹೋಗಿ ನ್ಯುಮೋನಿಯಾ ಆಗುವ ಅಪಾಯವುಂಟು.

ಔಷಧಿಯ ಪ್ರಮಾಣ ನಿರ್ಧರಿಸಲು ತೂಕ ಬೇಕಿತ್ತು. ಆಡು ನಿಲ್ಲುವಂಥ ತಕ್ಕಡಿ ಆಸ್ಪತ್ರೆಯಲ್ಲಿ ಇರಲಿಲ್ಲವಾದ್ದರಿಂದ ಕಂಪೌಂಡರ್ ಮೊದಲು ತಾವೊಬ್ಬರೇ ಮನುಷ್ಯರ ತೂಕದ ಯಂತ್ರದ ಮೇಲೆ ನಿಂತರು, ಬಳಿಕ ಆಡನ್ನು ಎದೆಗವಚಿಕೊಂಡು ನಿಂತರು, ವ್ಯತ್ಯಾಸವನ್ನು ಚೀಟಿಯ ಹಿಂಬದಿಯಲ್ಲಿ ಬರೆದರು. ಅದು ಅವರ ಅಂಗಿಯ ಗುಂಡಿಯನ್ನು ಜಗಿಯಲು ನೋಡಿದ್ದನ್ನು ಕಂಡ ವೈದ್ಯರು ಪರವಾಗಿಲ್ಲ, ಇನ್ನೂ ಚುರುಕಾಗಿದೆ ಎಂದರು. ನೀರಿನಲ್ಲಿ ಕದಡಿದ ಸೋಡಿಯಂ ಬೈಕಾರ್ಬನೇಟನ್ನು ನಳಿಕೆಯ ಮೂಲಕವೇ ಹೊಟ್ಟೆಗೆ ಇಳಿಸಿ, ಕತ್ತಿನ ರಕ್ತನಾಳಕ್ಕೆ ಸಲೈನ್ ಹಾಕಿ, ಬಿ1 ಜೀವಸತ್ವದ ಚುಚ್ಚುಮದ್ದು ಕೊಟ್ಟರು. ಈ ಜೀವಸತ್ವವನ್ನು ತಯಾರಿಸುವುದು ರೂಮೆನ್‌ನ ಸೂಕ್ಷ್ಮಜೀವಿಗಳೇ ಆದ್ದರಿಂದ ಅವು ಸತ್ತಾಗ ಅದರ ಕೊರತೆಯಾಗಿ ಮಿದುಳಿಗೆ ಪೆಟ್ಟು ಬೀಳಬಹುದು, ಕಣ್ಣು ಕಾಣದಾಗಬಹುದು ಎಂಬ ವಿವರಣೆಯನ್ನು ಕೇಳದೆಯೇ ನೀಡಿದರು. ಕಾಳು, ರೊಟ್ಟಿ ಪೂರ್ತಿ ಬಂದ್, ಒಣ ಹುಲ್ಲು ಮತ್ತು ತೊಗರಿ ಹೊಟ್ಟು ಮಾತ್ರ ಎಂಬ ಪಥ್ಯದೊಂದಿಗೆ ಮನೆಗೆ ಕಳಿಸಿದರು. ಆಡು ಚೇತರಿಸಿಕೊಂಡಿತು.

ಇನ್ನು ಕೊರತೆಗಳು. ಕಟ್ಟಡವೆಲ್ಲ ದನ, ಎಮ್ಮೆಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಕಟ್ಟಿದ್ದು. ಪ್ರಾಣಿಯನ್ನು ನಿಲ್ಲಿಸುವ ಕಬ್ಬಿಣದ ಚೌಕಟ್ಟಿನ ಕೆಳಗಿನಿಂದಲೇ ಆಡು ನುಸುಳಿ ಹೊರಬರುತ್ತದೆ, ಆದ್ದರಿಂದ ಹಿಡಿದುಕೊಳ್ಳಲು ಮನೆಯಿಂದಲೇ ಇಬ್ಬರು ಹೋಗಬೇಕು. ಚೀಟಿಯ ಶುಲ್ಕ ತೀರ ಅಲ್ಪವಾದರೂ ಸಲೈನ್ ಬಾಟಲಿಯನ್ನು ಹೊರಗಿನಿಂದ ತರಿಸಿದರು. ಔಷಧಿ ಬರೆದ ಅಕ್ಷರ ಇಂಗ್ಲಿಷಿನಲ್ಲಿತ್ತು, ಅದನ್ನು ಓದಿಸಿಕೊಳ್ಳಲು ಮತ್ತೆ ಅದೇ ಅಂಗಡಿಯವರ ಮುಂದೆಯೇ ನಿಲ್ಲಬೇಕಾಯಿತು. ರಾತ್ರಿ ಯಾರೂ ಇರುವುದಿಲ್ಲ. ಕಾಳು ತಿಂದ ಆಡು ಒಂದು ರಾತ್ರಿಯಲ್ಲೇ ಕೈಮೀರಬಹುದಾದ್ದರಿಂದ ಈ ಕೊನೆಯ ಕೊರತೆಯೇ ನನ್ನ ದೃಷ್ಟಿಯಲ್ಲಿ ದೊಡ್ಡದು.

ಸಾಗಿಸಲು ವಾಹನವಿಲ್ಲದವರು ಸಂಚಾರಿ ಪಶು ಚಿಕಿತ್ಸಾ ವಾಹನಕ್ಕಾಗಿ 1962 ಎಂಬ ಉಚಿತ ಸಂಖ್ಯೆಗೆ ಕರೆ ಮಾಡಬಹುದು. ಹೊಟ್ಟೆ ಕೊಯ್ದು ತಿಂದದ್ದನ್ನು ಹೊರತೆಗೆಯುವ ಶಸ್ತ್ರಚಿಕಿತ್ಸೆಯೇ ಬೇಕಾದರೆ ಬೀದರ್ ನಂದಿನಗರದ ಪಶುವೈದ್ಯಕೀಯ ಕಾಲೇಜು ಇದೆ, ಆದರೆ ಕಲಬುರಗಿಯಿಂದ ಹುಮನಾಬಾದ್ ದಾಟಿ ಅಷ್ಟು ದೂರದ ಪ್ರಯಾಣವನ್ನು ಸೋತ ಆಡು ತಾಳಿಕೊಳ್ಳುತ್ತದೆಯೇ ಎಂಬುದನ್ನು ವೈದ್ಯರನ್ನು ಕೇಳಿಯೇ ಹೊರಡಬೇಕು. ಮುಂಗಾರಿಗೆ ಮೊದಲು ಕರುಳುಬೇನೆಯ ಲಸಿಕೆ ಹಾಕಿಸಲು ನಾವು ಮತ್ತೆ ಇದೇ ಆಸ್ಪತ್ರೆಗೆ ಹೋಗಲಿದ್ದೇವೆ, ಹಿಡಿದುಕೊಳ್ಳಲು ಇಬ್ಬರನ್ನು ಕರೆದುಕೊಂಡು.