ದೂರದಲ್ಲಿದ್ದುಕೊಂಡೇ ಒಟ್ಟಿಗೆ ನುಡಿಸಲು ನನಗೆ ಒಗ್ಗಿದ್ದು ಜಾಮುಲಸ್

ವಿಡಿಯೊ ಕರೆಯಲ್ಲಿ ಜೊತೆಯಾಗಿ ನುಡಿಸಲು ಹೋಗಿ ಸೋತ ಮೇಲೆ ನಾನು ಕೊಂಡದ್ದು ಎರಡು ವಸ್ತು: ವಾದ್ಯದ ದನಿಯನ್ನು ಕಂಪ್ಯೂಟರಿಗೆ ಮುಟ್ಟಿಸುವ ಒಂದು ಆಡಿಯೊ ಇಂಟರ್‌ಫೇಸ್, ಒಂದು ಉದ್ದನೆಯ ನೆಟ್‌ವರ್ಕ್ ಕೇಬಲ್. ಹೆಚ್ಚು ಕೆಲಸಕ್ಕೆ ಬಂದದ್ದು ಅಗ್ಗದ ಕೇಬಲ್ಲೇ. ಆಮೇಲೆ ಆನ್‌ಲೈನ್ ಗೆಳೆಯರೊಡನೆ ಅಂತರ್ಜಾಲದ ಮೂಲಕ ಒಟ್ಟಿಗೆ ನುಡಿಸಲು ಇರುವ ಜಾಮುಲಸ್, ನಿಂಜಾಮ್ ಎಂಬ ಎರಡು ತಂತ್ರಾಂಶಗಳಲ್ಲೂ ನುಡಿಸಿದೆ. ಕಡತ ಕಳುಹಿಸಿಕೊಂಡು ಪದರ ಪದರವಾಗಿ ಹಾಡು ಕಟ್ಟುವುದನ್ನೂ ಮಾಡಿ ನೋಡಿದೆ. ನಾನು ಮತ್ತೆ ಮತ್ತೆ ಮರಳುವುದು ಜಾಮುಲಸ್‌ಗೆ.

ಆದರೆ ಮೊದಲ ಎರಡು ವಾರ ಅದು ನಮ್ಮನ್ನು ಚೆನ್ನಾಗಿಯೇ ಸತಾಯಿಸಿತು. ನಿಮಿಷಕ್ಕೆ 100 ಏಟಿನ ಲಯದಲ್ಲಿ ಎತ್ತಿಕೊಂಡ ಹಾಡು ಮೂರನೇ ಚರಣಕ್ಕೆ ಬರುವಷ್ಟರಲ್ಲಿ 90ಕ್ಕೆ ಜಾರಿರುತ್ತಿತ್ತು. ಡ್ರಮ್ಮರ್ ನನಗಾಗಿ ಕಾಯುತ್ತಿದ್ದ, ನಾನು ಅವನಿಗಾಗಿ ಕಾಯುತ್ತಿದ್ದೆ.

ಕಾರಣ ಇದ್ದದ್ದು ನನ್ನ ಹೆಡ್‌ಫೋನಿನಲ್ಲಿ. ಇಂಟರ್‌ಫೇಸ್ ನನ್ನ ಗಿಟಾರಿನ ದನಿಯನ್ನು ತಕ್ಷಣವೇ ಕಿವಿಗೆ ಕೊಡುತ್ತಿತ್ತು. ಉಳಿದವರ ದನಿ ಸರ್ವರ್ ಸುತ್ತಿ ತಡವಾಗಿ ಬರುತ್ತಿತ್ತು. ಜಾಮುಲಸ್‌ನಲ್ಲಿ ನಮ್ಮ ದನಿಯನ್ನೂ ಸರ್ವರಿನಿಂದ ಮರಳಿ ಬಂದ ಮೇಲೆಯೇ ಕೇಳಿಸಿಕೊಳ್ಳಬೇಕು. ನೇರ ದನಿಯ ಗುಬುಟನ್ನು ಪೂರ್ತಿ ಸೊನ್ನೆಗೆ ತಿರುಗಿಸಿದ ದಿನ ತಂತಿ ಮೀಟಿದ್ದು ಯಾರೋ, ನುಡಿದದ್ದು ಇನ್ಯಾರೋ ಎನ್ನುವಂತಾಯಿತು. ಮೂರು ಸಂಜೆ ಕಳೆಯುವಷ್ಟರಲ್ಲಿ ಕೈ ತಾನಾಗಿಯೇ ಕೂದಲೆಳೆಯಷ್ಟು ಮುಂದೆ ಬೀಳುವುದನ್ನು ಕಲಿಯಿತು, ಲಯ ನಿಂತಿತು. ಅಕೌಸ್ಟಿಕ್ ಗಿಟಾರಿನವರಿಗೆ ಇದು ಇನ್ನೂ ಕಷ್ಟ, ಏಕೆಂದರೆ ಅದರ ದನಿ ಹೆಡ್‌ಫೋನಿನ ಹೊರಗಿನಿಂದಲೂ ನುಸುಳುತ್ತದೆ. ಕಿವಿಯನ್ನು ಪೂರ್ತಿ ಮುಚ್ಚುವ ಹೆಡ್‌ಫೋನ್ ಬೇಕೇ ಬೇಕು.

ವಿಳಂಬ 30 ಮಿಲಿ ಸೆಕೆಂಡಿನ ಆಸುಪಾಸಿನಲ್ಲಿದ್ದರೆ ನನಗೆ ನೆಮ್ಮದಿ. ಗಾಳಿಯಲ್ಲಿ ಶಬ್ದ ಅಷ್ಟು ಹೊತ್ತಿನಲ್ಲಿ ಸಾಗುವುದು ಸುಮಾರು 10 ಮೀಟರ್. ದೊಡ್ಡ ವೇದಿಕೆಯ ಎರಡು ತುದಿಗಳಲ್ಲಿ ನಿಂತು ನುಡಿಸಿದ ಹಾಗೆ. 60 ದಾಟಿದರೆ ಆ ಸರ್ವರಿನಿಂದ ಹೊರಬರುತ್ತೇನೆ. ವೈ-ಫೈಯಲ್ಲಿ ದನಿ ಚರಚರ ತುಂಡಾಗುತ್ತದೆ, ತುಂಡಾಗದಿರಲೆಂದು ದನಿಯನ್ನು ಕ್ಷಣ ಹಿಡಿದಿಟ್ಟುಕೊಳ್ಳುವ ಬಫರ್ ಹಿಗ್ಗಿಸಿದರೆ ವಿಳಂಬ ಬೆಳೆಯುತ್ತದೆ. ಕೇಬಲ್ಲಿನ ಉಪಕಾರ ಇಲ್ಲಿಯೇ.

ಜೊತೆಗಾರರು ಬೇರೆ ಖಂಡದಲ್ಲಿದ್ದರೆ ನಿಂಜಾಮ್‌ಗೆ ಸಾಟಿಯಿಲ್ಲ. ಅದು ವಿಳಂಬದೊಡನೆ ಗುದ್ದಾಡುವುದನ್ನೇ ಬಿಟ್ಟು, ಅದನ್ನು ಒಂದು ಪೂರ್ತಿ ಆವರ್ತಕ್ಕೆ ಹಿಗ್ಗಿಸುತ್ತದೆ. 100ರ ಲಯದಲ್ಲಿ 16 ಏಟಿನ ಆವರ್ತವೆಂದರೆ 9.6 ಸೆಕೆಂಡು, ನಾನು ಈಗ ನುಡಿಸುವುದು ನೀವು ಹಿಂದಿನ ಆವರ್ತದಲ್ಲಿ ನುಡಿಸಿದ್ದರ ಮೇಲೆ. ನಾಲ್ಕು ಸ್ವರಗುಚ್ಛಗಳ (ಕಾರ್ಡ್) ಸುತ್ತು ಸುತ್ತುತ್ತಾ ಗಂಟೆಗಟ್ಟಲೆ ಮೈಮರೆಯಬಹುದು. ಪಲ್ಲವಿ, ಚರಣ, ಮುಕ್ತಾಯ ಇರುವ ಹಾಡು ಮಾತ್ರ ಅದರಲ್ಲಿ ಕೂಡುವುದಿಲ್ಲ.

ದನಿಯ ಗುಣಮಟ್ಟದಲ್ಲಿ ಗೆಲ್ಲುವುದು ಕಡತ ಕಳುಹಿಸುವ ದಾರಿ. ಎಂಪಿ3 ಬೇಡ, ಅದರ ಆರಂಭದಲ್ಲಿ ಸೇರಿಕೊಳ್ಳುವ ಚೂರು ಮೌನವೇ ತಾಳ ಕೆಡಿಸುತ್ತದೆ. ವೇವ್ ಕಡತವನ್ನೇ ಕಳುಹಿಸಿ. ಒಬ್ಬರು ಸೆಕೆಂಡಿಗೆ 44,100 ಮಾದರಿಗಳ (ಸ್ಯಾಂಪಲ್) ದರದಲ್ಲಿ ಧ್ವನಿಮುದ್ರಿಸಿದ್ದನ್ನು ಇನ್ನೊಬ್ಬರು 48,000 ಎಂದುಕೊಂಡು ತೆರೆದರೆ ಶ್ರುತಿ ಹೆಚ್ಚುಕಡಿಮೆ ಒಂದೂವರೆ ಸ್ವರಸ್ಥಾನ ಮೇಲೇರಿ ಕೂರುತ್ತದೆ. ನಮಗೆ ಹಾಗೆ ಆಗಿದೆ. ಹಗಲಿಡೀ ಕಂಪ್ಯೂಟರ್ ಮುಂದೆ ಕೂರುವ ನನಗೆ ರಾತ್ರಿಯೂ ಪರದೆಯ ಮೇಲೆ ಕತ್ತರಿಸಿ ಅಂಟಿಸುವ ತಾಳ್ಮೆ ಉಳಿದಿರುವುದಿಲ್ಲ.

ಇಬ್ಬರೇ ಇದ್ದರೆ ಇಂಥದ್ದೇ ಇನ್ನೊಂದು ತಂತ್ರಾಂಶ ಸೊನೊಬಸ್ ಸಾಕು.

ಜಾಮುಲಸ್, ನಿಂಜಾಮ್ ಎರಡಕ್ಕೂ ದುಡ್ಡಿಲ್ಲ, ಹಾಗಾಗಿ ಖರ್ಚೆಲ್ಲ ಸಲಕರಣೆಗೆ ಮಾತ್ರ. ನಮ್ಮ ನಾಲ್ವರೂ ಕೆಲವು ನೂರು ಕಿಲೋಮೀಟರುಗಳ ಒಳಗೇ ಇರುವುದು ನನ್ನ ಆಯ್ಕೆಯನ್ನು ಸುಲಭ ಮಾಡಿತು. ಕಳೆದ ಶನಿವಾರ ಹಾಡು ಮುಗಿಯುವ ಹೊತ್ತಿಗೆ ಡ್ರಮ್ಮರ್ ಉಸಿರೆಳೆದುಕೊಂಡದ್ದು ಮೈಕಿನಲ್ಲಿ ಕೇಳಿಸಿತು. ನಾಲ್ವರೂ ಒಂದೇ ಏಟಿಗೆ ನಿಂತೆವು.