ಕೇಬಾರ್ ಚಾಕು: ವರ್ಷಗಟ್ಟಲೆ ಬಳಸಿದ ಮೇಲೆ ಉಳಿಯುವುದೇನು, ಕೈಕೊಡುವುದೇನು

ಅಮೆರಿಕದ ಸೈನಿಕರ ಚಾಕು ಅಂತ ಹೆಸರಾದ ಕೇಬಾರ್ ಕೊಳ್ಳುವವರ ಕಣ್ಣು ಮೊದಲು ಹೋಗುವುದು ಏಳು ಇಂಚಿನ ಕಪ್ಪು ಅಲಗಿನ ಮೇಲೆ. ಕೆಲವು ವರ್ಷ ಮಳೆ, ಬೆವರು, ಮಣ್ಣು ಕಂಡ ಮೇಲೆ ಅದೇ ಚಾಕುವನ್ನು ಕೈಗೆತ್ತಿಕೊಂಡರೆ ಅಲಗು ಹೆಚ್ಚುಕಡಿಮೆ ಹಾಗೇ ಇರುತ್ತದೆ. ಹಿಡಿ ಸಡಿಲವಾಗಿರುತ್ತದೆ, ಒರೆಯ ಪಟ್ಟಿ ಅರ್ಧ ಕತ್ತರಿಸಿ ಹೋಗಿರುತ್ತದೆ, ಹಿಡಿ ಮತ್ತು ಅಲಗು ಸೇರುವ ಕಡೆ ಸಣ್ಣಗೆ ತುಕ್ಕು ಕೂತಿರುತ್ತದೆ. ಈ ಚಾಕುವಿನ ಆಯಸ್ಸನ್ನು ತೀರ್ಮಾನಿಸುವುದು ತೊಗಲು. ಉಕ್ಕಿನ ಬಗ್ಗೆ ಗಂಟೆಗಟ್ಟಲೆ ವಾದ ಮಾಡುವವರು ಇದನ್ನು ಹೇಳುವುದೇ ಇಲ್ಲ.

ಮೊದಲು ಅಳತೆ. ಇಲ್ಲಿ ಹೇಳುತ್ತಿರುವುದು ತೊಗಲಿನ ಹಿಡಿಯ, ಹಲ್ಲಿಲ್ಲದ ನೇರ ಬಾಯಿಯ 1217 ಮಾದರಿ. ಅಲಗು 7 ಇಂಚು, ಅಂದರೆ ಸುಮಾರು 178 ಮಿ.ಮೀ. ಒಟ್ಟು ಉದ್ದ 30 ಸೆಂ.ಮೀ. ಹತ್ತಿರ. ಬೆನ್ನಿನ ದಪ್ಪ 4.2 ಮಿ.ಮೀ. ತೂಕ 300 ಗ್ರಾಂಗಿಂತ ತುಸು ಹೆಚ್ಚು, ಒರೆಯ ತೂಕ ಬೇರೆ. ಉಕ್ಕು 1095 ಕ್ರೋ-ವ್ಯಾನ್. ಸುಮಾರು 0.95 ಶೇಕಡಾ ಇಂಗಾಲದ ಸಾದಾ ಉಕ್ಕಿಗೆ ಚೂರು ಕ್ರೋಮಿಯಂ, ಚೂರು ವನೇಡಿಯಂ ಸೇರಿಸಿದ್ದು. ಆ ಕ್ರೋಮಿಯಂ ತುಕ್ಕು ತಡೆಯುವಷ್ಟಿಲ್ಲ, ಆದ್ದರಿಂದ ಹೆಸರು ಕೇಳಿ ಸ್ಟೇನ್‌ಲೆಸ್ ಅಂದುಕೊಳ್ಳಬೇಡಿ. ಗಡಸುತನ ರಾಕ್‌ವೆಲ್ ಮಾಪನದಲ್ಲಿ 56ರಿಂದ 58.

ಅಮೆರಿಕದ ಮರೀನ್ ಪಡೆ ಈ ವಿನ್ಯಾಸವನ್ನು ಒಪ್ಪಿಕೊಂಡದ್ದು 1942ರಲ್ಲಿ. ಅದಕ್ಕೆ ಮೊದಲು ಮರೀನ್ ರೈಡರ್‌ಗಳ, ಅಂದರೆ ಆ ಪಡೆಯ ಹಠಾತ್ ದಾಳಿಯ ತುಕಡಿಗಳ ಬಳಿ ಇದ್ದದ್ದು ತೆಳ್ಳಗಿನ ಕಠಾರಿ. ಅದು ಚುಚ್ಚುವುದಕ್ಕೆ ಮಾತ್ರ ಹೇಳಿ ಮಾಡಿಸಿದ್ದು. ಡಬ್ಬ ತೆರೆಯಲು, ಪೆಟ್ಟಿಗೆ ಮೀಟಲು ಹೋದರೆ ಮೊನೆ ಮುರಿಯುತ್ತಿತ್ತು, ಎರಕದ ಹಿಡಿಯೂ ಬಹುಕಾಲ ಬಾಳುತ್ತಿರಲಿಲ್ಲ. ಹೋರಾಟಕ್ಕೂ ಆಗಬೇಕು, ದಿನದ ಕೆಲಸಕ್ಕೂ ಬರಬೇಕು ಅನ್ನುವ ಲೆಕ್ಕದಲ್ಲಿ ಕೇಬಾರ್ ಹುಟ್ಟಿತು. ನೌಕಾಪಡೆ ಇದನ್ನೇ ಮಾರ್ಕ್ 2 ಅಂತ ಕರೆಯಿತು. ಯುದ್ಧಕಾಲದಲ್ಲಿ ಕೆಮಿಲಸ್ ಮುಂತಾದ ಬೇರೆ ಕಾರ್ಖಾನೆಗಳೂ ಇದನ್ನು ತಯಾರಿಸಿದ್ದರಿಂದ, ಹಳೆಯ ಚಾಕು ಸಿಕ್ಕಿ ಅದರ ಮೇಲೆ ಬೇರೆ ಹೆಸರಿದ್ದರೆ ನಕಲಿ ಅಂತ ಬಿಸಾಡಬೇಡಿ.

ಅಲಗಿನ ಉದ್ದಕ್ಕೂ ಇರುವ ಕಾಲುವೆ ರಕ್ತ ಹರಿಯಲು ಅನ್ನುವ ಕಥೆ ಇನ್ನೂ ಸತ್ತಿಲ್ಲ. ಅದು ತೂಕ ಇಳಿಸಲು, ಅಷ್ಟೆ. ಉಕ್ಕು ಕಡಿಮೆಯಾದರೂ ಬಿಗಿ ಹೆಚ್ಚು ಕಳೆದುಹೋಗುವುದಿಲ್ಲ.

ಇನ್ನು ಬಳಕೆ. ಬಾಯಿ ಪ್ರತಿ ಬದಿಗೆ 20 ಡಿಗ್ರಿಯಲ್ಲಿ ಬರುತ್ತದೆ. ಹಗ್ಗ, ಪಟ್ಟಿ, ಮರಳುಚೀಲದ ಕಟ್ಟು, ಟೇಪು, ಎಳೆ ಕೊಂಬೆ, ಇವೆಲ್ಲಕ್ಕೂ ಸಾಕು. ಪ್ಯಾರಾಕಾರ್ಡನ್ನು, ಅಂದರೆ ಪ್ಯಾರಾಚೂಟಿನ ತೆಳು ನೈಲಾನ್ ಹಗ್ಗವನ್ನು, ಎಳೆದು ಹಿಡಿದು ಒಂದೇ ಎಳೆತಕ್ಕೆ ತುಂಡು ಮಾಡುತ್ತದೆ. ಬೇಗ ಮೊಂಡಾಗಿಸುವುದು ರಟ್ಟು, ಯಾಕೆಂದರೆ ರಟ್ಟಿನೊಳಗೆ ಸಣ್ಣ ಖನಿಜದ ಪುಡಿ ಇರುತ್ತದೆ. ಒಂದು ರಾಶಿ ಪೆಟ್ಟಿಗೆ ಕುಯ್ದರೆ ಅಲಗಿನ ಬಾಗಿದ ಹೊಟ್ಟೆಯ ಭಾಗದ ಹರಿತ ಕಡಿಮೆಯಾದದ್ದು ಕೈಗೇ ಗೊತ್ತಾಗುತ್ತದೆ. ಒಳ್ಳೆಯದೇನೆಂದರೆ ಕಲ್ಲಿಗೋ ಮೊಳೆಗೋ ತಗುಲಿದರೆ ಈ ಬಾಯಿ ಸಾಮಾನ್ಯವಾಗಿ ಉದುರುವುದಿಲ್ಲ, ಮಡಚಿಕೊಳ್ಳುತ್ತದೆ. ಮಡಚಿದ್ದನ್ನು ಮಸೆದು ನೆಟ್ಟಗೆ ಮಾಡಬಹುದು. ಉದುರಿದ್ದನ್ನು ಸರಿಮಾಡಲು ಅರ್ಧ ದಿನ ಬೇಕು.

ಮಸೆಯುವಾಗ ಹೆಚ್ಚಿನವರು ತಪ್ಪುವುದು ಕೋನದಲ್ಲಿ. ಈ ಅಲಗಿನ ಅಗಲ ಸುಮಾರು 30 ಮಿ.ಮೀ. ಆದ್ದರಿಂದ 20 ಡಿಗ್ರಿ ಬೇಕೆಂದರೆ ಬೆನ್ನಿನ ಕೆಳಗಿನ ಅಂಚು ಕಲ್ಲಿನಿಂದ 8 ಮಿ.ಮೀ.ನಷ್ಟು ಮೇಲೆ ಇರಬೇಕು. ಆ ಎತ್ತರಕ್ಕೆ ನಾಣ್ಯಗಳನ್ನು ಒಂದರ ಮೇಲೊಂದು ಇಟ್ಟು ಕೈಗೆ ಅಭ್ಯಾಸ ಮಾಡಿಕೊಳ್ಳಿ. ಬಾಯಿಗೆ ಮಾರ್ಕರ್ ಮಸಿ ಬಳಿದು ಎರಡು ಸಲ ಎಳೆದು ನೋಡಿ. ಮಸಿ ಹರಿತದ ಅಂಚಿನಲ್ಲಿ ಮಾತ್ರ ಹೋದರೆ ಚಾಕು ಹೆಚ್ಚು ಎತ್ತಿದ್ದೀರಿ, ಮಸೆದ ಇಳಿಜಾರಿನ ಮೇಲಂಚಿನಲ್ಲಿ ಮಾತ್ರ ಹೋದರೆ ಕಡಿಮೆ ಎತ್ತಿದ್ದೀರಿ. 400ರ ಕಲ್ಲಿನಲ್ಲಿ (ಅಂಕಿ ಹೆಚ್ಚಿದಷ್ಟು ಕಲ್ಲು ನಯ) ಒಂದು ಬದಿಯನ್ನು, ಎದುರು ಬದಿಗೆ ತಂತಿಯಂಥ ಎಳೆ ಹೊರಳಿ ಬೆರಳಿಗೆ ಸಿಗುವವರೆಗೆ ಉಜ್ಜಿ. ಆಮೇಲೆ ಇನ್ನೊಂದು ಬದಿ. ಮುಂದೆ 1000ದ ಕಲ್ಲಿನಲ್ಲಿ ಒತ್ತಡ ಇಳಿಸುತ್ತಾ ಹೋಗಿ, ಕೊನೆಗೆ ತೊಗಲಿನ ಪಟ್ಟಿಯ ಮೇಲೆ ಹಿಮ್ಮುಖವಾಗಿ ಹತ್ತಿಪ್ಪತ್ತು ಸಲ ಎಳೆಯಿರಿ. 3000ದ ಕಲ್ಲು ಬೇಡ. ಹಗ್ಗ ಕುಯ್ಯುವ ಚಾಕುವಿಗೆ ಸ್ವಲ್ಪ ಒರಟು ಬಾಯಿಯೇ ಚೆನ್ನಾಗಿ ಕಚ್ಚುತ್ತದೆ. ಮೊನೆಯ ಹತ್ತಿರ ಬಾಗು ಬರುವಲ್ಲಿ ಹಿಡಿಯನ್ನು ಮೆಲ್ಲಗೆ ಎತ್ತದಿದ್ದರೆ ಕಲ್ಲು ಬಾಯಿಯನ್ನೇ ಮುಟ್ಟುವುದಿಲ್ಲ, ಎಷ್ಟು ಮಸೆದರೂ ಮೊನೆ ಮಾತ್ರ ಮೊಂಡಾಗೇ ಉಳಿಯುತ್ತದೆ.

ಕಪ್ಪು ಲೇಪ ನೋಡಲು ಗಟ್ಟಿ. ಒರೆಯ ಬಾಯಿಗೆ ಉಜ್ಜುವ ಕಡೆ ಬೇಗ ಹೋಗುತ್ತದೆ. ಹೋದ ಜಾಗದಲ್ಲಿ ಬೂದುಬಣ್ಣದ ಅಥವಾ ನೀಲಿ ಮಚ್ಚೆ ಬಂದರೆ ಹೆದರಬೇಡಿ, ಉಳಿದ ಉಕ್ಕನ್ನು ಅದು ಸ್ವಲ್ಪ ಕಾಯುತ್ತದೆ. ಕೆಂಪು ಪುಡಿ ಕಂಡರೆ ಅವತ್ತೇ ತೆಗೆಯಿರಿ, ಬಿಟ್ಟರೆ ಗುಂಡಿ ಬೀಳುತ್ತದೆ. ಅಡ್ಡಪಟ್ಟಿ, ಅಂದರೆ ಗಾರ್ಡ್, ಅಲಗನ್ನು ಸುತ್ತುವರಿಯುವ ಸೀಳಿನಲ್ಲಿ ಕೂದಲೆಳೆಯಷ್ಟು ಜಾಗ ಇರುತ್ತದೆ. ನೀರು ಅಲ್ಲಿ ನಿಲ್ಲುತ್ತದೆ, ಬಟ್ಟೆ ಅಲ್ಲಿಗೆ ಹೋಗುವುದಿಲ್ಲ. ಚಾಕುವನ್ನು ಮೊನೆ ಮೇಲೆ ಮಾಡಿ ನಿಲ್ಲಿಸಿ ಆ ಸೀಳಿಗೆ ತೆಳು ಎಣ್ಣೆಯ ಒಂದು ಹನಿ ಬಿಟ್ಟರೆ ತಾನೇ ಒಳಗಿಳಿಯುತ್ತದೆ. ತಿನ್ನುವುದನ್ನು ಕುಯ್ಯುವ ಚಾಕುವಾದರೆ ಆಹಾರಕ್ಕೆ ಆಗುವ ಮಿನರಲ್ ಎಣ್ಣೆ ಸರಿ. ಅಡುಗೆ ಎಣ್ಣೆ ಬೇಡ, ನಾಲ್ಕು ದಿನದಲ್ಲಿ ಅಂಟಂಟಾಗಿ ಧೂಳು ಹಿಡಿಯುತ್ತದೆ.

ಹಿಡಿಯ ಕಥೆ ಬೇರೆ. ಅಲಗಿನಿಂದ ಹೊರಡುವ ಉಕ್ಕಿನ ಬಾಲ ಹಿಡಿಯೊಳಗೆ ಸಣ್ಣದಾಗಿ ಹೋಗುತ್ತದೆ. ಅದರ ಮೇಲೆ ತೊಗಲಿನ ಬಿಲ್ಲೆಗಳನ್ನು ಪೋಣಿಸಿ, ಒತ್ತಿ, ತುದಿಗೆ ಉಕ್ಕಿನ ಟೊಪ್ಪಿ ಇಟ್ಟು ಅಡ್ಡ ಪಿನ್ ಹೊಡೆದಿರುತ್ತಾರೆ. ಹೊಸದರಲ್ಲಿ ಈ ಹಿಡಿತಕ್ಕೆ ಸಾಟಿಯಿಲ್ಲ, ಒದ್ದೆ ಕೈಗೂ ಜಾರುವುದಿಲ್ಲ, ಚಳಿಯಲ್ಲಿ ಲೋಹದಂತೆ ಕೊರೆಯುವುದಿಲ್ಲ. ಆದರೆ ಬಿಲ್ಲೆಗಳು ನೆನೆದಾಗ ಉಬ್ಬಿ, ಒಣಗಿದಾಗ ಕುಗ್ಗುತ್ತವೆ. ಹಾಗೆ ಹಲವು ಸಲ ಆದ ಮೇಲೆ ಬಿಲ್ಲೆಗಳ ನಡುವೆ ಸಂದು ಬಿಟ್ಟು ಹಿಡಿ ಗಿರಕಿ ಹೊಡೆಯಲು ಶುರುವಾಗುತ್ತದೆ. ಬೆಂಕಿಯ ಹತ್ತಿರ ಒಣಗಿಸಿದರಂತೂ ಒಂದೇ ರಾತ್ರಿಗೆ ಆ ಸ್ಥಿತಿ. ಸೆಖೆಯ ಕಾಡಿನಲ್ಲಿ ಬೂಷ್ಟು ಬೇರೆ ಹಿಡಿಯುತ್ತದೆ.

ಇದಕ್ಕೆ ಮದ್ದು ಮೊದಲ ದಿನವೇ ಮಾಡಬೇಕು. ಜೇನುಮೇಣದ ಲೇಪವನ್ನು ಕಡಲೆಕಾಳಿನಷ್ಟು ತೆಗೆದುಕೊಂಡು ಅಂಗೈಯಲ್ಲಿ ಕರಗಿಸಿ ಹಿಡಿಗೆ ತಿಕ್ಕಿ, ಒಂದು ದಿನ ಬಿಟ್ಟು ಇನ್ನೊಂದು ಸಲ. ತೊಗಲು ಮೆತ್ತಗಾಗಿಸುವ ನೀಟ್ಸ್‌ಫುಟ್ ಎಣ್ಣೆಯಲ್ಲಿ ಅದ್ದಿಡಿ ಅಂತ ಸಲಹೆ ಕೊಡುವವರ ಮಾತು ಕೇಳಬೇಡಿ. ಎಣ್ಣೆ ಕುಡಿದ ಬಿಲ್ಲೆ ಮೆತ್ತಗಾಗಿ, ಬಿಗಿಯಾಗಿ ಒತ್ತಿ ಕೂರಿಸಿದ್ದೇ ವ್ಯರ್ಥವಾಗುತ್ತದೆ. ಈಗಾಗಲೇ ಸಡಿಲವಾಗಿದ್ದರೆ ಪಿನ್ನನ್ನು ತೆಳು ಪಂಚ್‌ನಿಂದ ಹೊಡೆದು ತೆಗೆದು, ಒಂದೋ ಎರಡೋ ಹೊಸ ಬಿಲ್ಲೆ ಸೇರಿಸಿ, ಕ್ಲಾಂಪಿನಲ್ಲಿ ಒತ್ತಿ ಹಿಡಿದು ಪಿನ್ ಮತ್ತೆ ಹೊಡೆಯಬೇಕು. ಕೈಚಳಕ ಇರುವವರಿಗೆ ಒಂದು ಸಂಜೆಯ ಕೆಲಸ. ಇದೆಲ್ಲ ಬೇಡ ಅನ್ನುವವರಿಗೆ ಇದೇ ಅಲಗಿನ ರಬ್ಬರಿನಂಥ ಹಿಡಿಯ ಮಾದರಿ ಇದೆ. ನೋಡಲು ಚೆನ್ನಾಗಿಲ್ಲ, ಆದರೆ ಕೆಲಸಕ್ಕೆ ಅದೇ ಲೇಸು.

ಬೆನ್ನಿಗೆ ಕೊರಡಿನಿಂದ ಹೊಡೆದು ಸೌದೆ ಸೀಳುವವರು ಗಮನಿಸಿ: ಅಲಗು ಬಾಲವಾಗಿ ಸಣ್ಣದಾಗುವ ಭುಜವೇ ಈ ಚಾಕುವಿನ ದುರ್ಬಲ ಜಾಗ. ಮುಂಗೈ ದಪ್ಪದ, ಗಂಟಿಲ್ಲದ ಕಟ್ಟಿಗೆ ಪರವಾಗಿಲ್ಲ. ಗಂಟಿನಲ್ಲಿ ಸಿಕ್ಕಿಕೊಂಡಾಗ ಹಿಡಿಯನ್ನು ಕೆಳಗೊತ್ತಿ ಮೊನೆಗೆ ಹೊಡೆದರೆ ಪೂರ್ತಿ ಸೆಳೆತ ಆ ಭುಜದ ಮೇಲೆ ಬೀಳುತ್ತದೆ, ಚಾಕು ತುಂಡಾಗುವುದೂ ಅಲ್ಲೇ, ಗಾರ್ಡಿನ ಒಳಗೆ. ಮೀಟುವಾಗ ಮೊದಲು ಹೋಗುವುದು ಮೊನೆ, ಕತ್ತರಿಸಿದಂತಿರುವ ಆ ಕ್ಲಿಪ್ ಆಕಾರದಲ್ಲಿ ಅಲ್ಲಿ ಉಕ್ಕೇ ಕಡಿಮೆ. ಹಿಂದಿನ ಟೊಪ್ಪಿಯಿಂದ ಗೂಟ ಹೊಡೆಯಬಹುದು, ಆದರೆ ಪ್ರತಿ ಏಟೂ ಆ ಪಿನ್ನಿಗೇ ಬೀಳುತ್ತದೆ. ಕಲ್ಲು ಸಿಕ್ಕರೆ ಕಲ್ಲಿನಿಂದಲೇ ಹೊಡೆಯಿರಿ.

ಒರೆ ನಿಧಾನವಾಗಿ ಹಾಳಾಗುವುದನ್ನು ಹತ್ತಿರದಿಂದ ನೋಡಬೇಕು. ಗುಂಡಿಯ ಪಟ್ಟಿ ಹಿಡಿಯನ್ನು ಸುತ್ತಿ ಹಿಡಿದಿರುತ್ತದೆ. ಗುಂಡಿ ಬಿಚ್ಚಿ ಚಾಕು ಎಳೆಯುವಾಗ ಪಟ್ಟಿಯ ತುದಿ ಒಳಕ್ಕೆ ಬಾಗಿ ಅಲಗಿನ ದಾರಿಗೆ ಬರುತ್ತದೆ. ಪ್ರತಿ ಸಲ ಕೂದಲೆಳೆಯಷ್ಟು ಗೀರು, ಒಂದು ದಿನ ಪಟ್ಟಿ ನೇತಾಡುತ್ತದೆ. ಎಳೆಯುವಾಗ ಹೆಬ್ಬೆರಳಿನಿಂದ ಪಟ್ಟಿಯನ್ನು ಹೊರಗೊತ್ತಿ ಹಿಡಿಯುವುದು ರೂಢಿಯಾದರೆ ಆ ಗೀರು ಬೀಳುವುದೇ ಇಲ್ಲ. ನೆನೆದ ಒರೆ ಮೆತ್ತಗಾಗುತ್ತದೆ, ಆಗ ಅವಸರದಲ್ಲಿ ಚಾಕು ತುರುಕಿದರೆ ಮೊನೆ ಹೊಲಿಗೆಯನ್ನೇ ಸೀಳಿ ಹೊರಬರಬಹುದು, ತೊಡೆಯ ಪಕ್ಕದಲ್ಲಿ. ಎದೆಯ ಮೇಲೆ ತಲೆಕೆಳಗಾಗಿ ಕಟ್ಟಿಕೊಳ್ಳುವವರು ತೊಗಲಿನ ಒರೆಯ ಗುಂಡಿಯನ್ನು ನಂಬಲೇಬಾರದು. ಇದೇ ಕಂಪನಿಯ ಗಟ್ಟಿ ಪ್ಲಾಸ್ಟಿಕ್ ಒರೆ ಬೇರೆಯಾಗಿ ಸಿಗುತ್ತದೆ, ಅದನ್ನು ಹಾಕಿ. ಶಬ್ದ ಮಾಡುತ್ತದೆ ಅನ್ನುವುದೊಂದೇ ದೂರು. ಒಳಗೆ ತೆಳು ಟೇಪಿನ ಒಂದು ತುಂಡು ಅಂಟಿಸಿದರೆ ಅದೂ ತಗ್ಗುತ್ತದೆ.

ಹಾಗಾದರೆ ಇದು ಯಾರಿಗೆ? ಸೈನಿಕ ಅಂದ ತಕ್ಷಣ ಸೊಂಟದಲ್ಲಿ ಇಂಥ ಚಾಕು ಕಲ್ಪಿಸಿಕೊಳ್ಳುತ್ತೇವೆ. ಸೇನೆಯಲ್ಲಿ ಕೆಲಸ ನೂರು ಬಗೆ, ಕುಯ್ಯುವ ಉಪಕರಣವೂ ಅದಕ್ಕೆ ತಕ್ಕಂತೆ. ಕಾಲಾಳು ದಿನವಿಡೀ ಮಾಡುವುದು ಪೊಟ್ಟಣ ಹರಿಯುವುದು, ಹಗ್ಗ ಕುಯ್ಯುವುದು, ಟೇಪು ಬಿಡಿಸುವುದು, ಬಂದೂಕಿನ ಸ್ಕ್ರೂ ಬಿಗಿಮಾಡುವುದು. ಇದರಲ್ಲಿ ಮುಕ್ಕಾಲು ಪಾಲಿಗೆ ಪ್ಲೈಯರ್ ಇರುವ ಮಲ್ಟಿಟೂಲೇ ಸಾಕು. ಲೆದರ್‌ಮನ್ ವೇವ್ ಪ್ಲಸ್ 241 ಗ್ರಾಂ, 18 ಉಪಕರಣ. ಮೂವತ್ತು ಕಿಲೋ ಹೊತ್ತು ನಡೆಯುವವನಿಗೆ ಎರಡೂ ಬೇಕೇ ಅನ್ನುವುದು ಹುಡುಗಾಟದ ಪ್ರಶ್ನೆಯಲ್ಲ. ಒಂದನ್ನೇ ಆರಿಸು ಅಂದರೆ ಮಲ್ಟಿಟೂಲ್ ಆರಿಸುವವನೇ ಜಾಣ. ಕೇಬಾರ್ ಬೇಕಾಗುವುದು ದಿನಗಟ್ಟಲೆ ಕಾಡಿನಲ್ಲಿ ಇರುವಾಗ, ಪೊದೆ ಸವರಿ ಮರೆ ಕಟ್ಟುವಾಗ.

ಸಿಗ್ನಲ್ಸ್‌ನವರಿಗೆ, ಅಂದರೆ ಸೇನೆಯ ಸಂಪರ್ಕ ವಿಭಾಗದವರಿಗೆ, ಇದು ಹೊರೆಯೇ. ತಂತಿಯ ಮೇಲಿನ ಸಿಪ್ಪೆ ತೆಗೆಯಲು ಏಳಿಂಚಿನ ಅಲಗು ಯಾತಕ್ಕೆ? ಅಮೆರಿಕದ ಸಿಗ್ನಲ್ ಕೋರ್ ಬಹಳ ಹಿಂದೆಯೇ ಇದನ್ನು ಅರಿತಿತ್ತು. ಟಿಎಲ್-29 ಅನ್ನುವ ಮಡಚುವ ಚಾಕು, ಅದರಲ್ಲಿ ಒಂದು ಅಲಗು, ಇನ್ನೊಂದು ಸ್ಕ್ರೂಡ್ರೈವರ್, ಜೊತೆಗೆ ಟಿಎಲ್-13 ಪ್ಲೈಯರ್, ಎರಡೂ ಒಂದೇ ತೊಗಲಿನ ಚೀಲದಲ್ಲಿ. ಇವತ್ತಿನ ಮಲ್ಟಿಟೂಲಿನ ಅಜ್ಜ ಅಂತಲೇ ಅದನ್ನು ಕರೆಯಬಹುದು. ವೈದ್ಯಕೀಯ ಸಹಾಯಕನಿಗೆ ಮೊನೆಯಿರುವ ಚಾಕುವೇ ಅಪಾಯ. ಗಾಯಾಳುವಿನ ಬಟ್ಟೆ ಕುಯ್ಯಲು ತುದಿ ಮೊಂಡಾದ ದಪ್ಪ ಕತ್ತರಿಯೇ ಸರಿ. ಟ್ಯಾಂಕು, ಲಾರಿ ಓಡಿಸುವವರಿಗೆ ಬೆಲ್ಟ್ ಕುಯ್ಯುವ ಕೊಕ್ಕೆಚಾಕು, ಅದೂ ಕೂತಲ್ಲೇ ಕೈಗೆಟಕುವಂತೆ. ಹಡಗಿನವರಿಗೆ ಮೊನೆಯಿಲ್ಲದ ನೇರ ಬಾಯಿಯ ಚಾಕು ಮತ್ತು ಗಂಟು ಬಿಡಿಸುವ ದಬ್ಬಳ. ಉಪ್ಪುಗಾಳಿಗೆ ಕ್ರೋ-ವ್ಯಾನ್ ತಡೆಯುವುದಿಲ್ಲ. ವಿಮಾನ ಸಿಬ್ಬಂದಿಗೆ ಬೆನ್ನಿನಲ್ಲಿ ಗರಗಸದ ಹಲ್ಲಿರುವ ಐದಿಂಚಿನ ಚಾಕು ಇತ್ತು. ಆ ಹಲ್ಲು ಮರ ಕೊಯ್ಯಲು ಅಂದುಕೊಂಡು ಬೈಯುವವರೇ ಹೆಚ್ಚು, ಅದು ಇದ್ದದ್ದು ವಿಮಾನದ ಅಲ್ಯೂಮಿನಿಯಂ ತಗಡು ಹರಿಯಲು.

ಬೇರೆ ಚಾಕುಗಳ ಜೊತೆ ಹೋಲಿಸಿದರೆ, ಆಸ್ಟ್ರಿಯಾ ಸೇನೆಗಾಗಿ ಬಂದ ಗ್ಲಾಕ್ 78 ಕೇಬಾರ್‌ಗಿಂತ ನೂರು ಗ್ರಾಂನಷ್ಟು ಹಗುರ. ಹಿಡಿ, ಒರೆ ಎರಡೂ ಪ್ಲಾಸ್ಟಿಕ್. ಅಲಗು 165 ಮಿ.ಮೀ., ಗಡಸುತನ 55ರ ಆಸುಪಾಸು, ಆದ್ದರಿಂದ ಬಾಯಿ ಬೇಗ ಮೊಂಡಾಗುತ್ತದೆ. ಮೀಟಿದರೂ ಎಸೆದರೂ ಸುಲಭಕ್ಕೆ ಮುರಿಯುವುದಿಲ್ಲ, ಆರೈಕೆ ಬಹುತೇಕ ಸೊನ್ನೆ. ಕುಯ್ಯುವ ಸುಖ ಕೇಬಾರ್‌ನಲ್ಲಿ ಹೆಚ್ಚು, ನಿಶ್ಚಿಂತೆ ಗ್ಲಾಕ್‌ನಲ್ಲಿ. ಬರೀ ಕುಯ್ಯುವುದಕ್ಕೆ ಅಂದರೆ 2.5 ಮಿ.ಮೀ. ದಪ್ಪದ ಸ್ವೀಡನ್ನಿನ ಸಾದಾ ಮೋರಾ ಚಾಕು ಎರಡನ್ನೂ ನಾಚಿಸುತ್ತದೆ. ಅದರಿಂದ ಮೀಟಲು ಮಾತ್ರ ಹೋಗಬೇಡಿ.

ಕೊನೆಗೆ ಎತ್ತಿಡುವ ವಿಚಾರ. ತಿಂಗಳುಗಟ್ಟಲೆ ಬಳಸುವುದಿಲ್ಲ ಅಂದರೆ ಚಾಕುವನ್ನು ತೊಗಲಿನ ಒರೆಯಲ್ಲಿ ಇಡಲೇಬಾರದು. ತೊಗಲು ಗಾಳಿಯ ತೇವ ಹೀರಿ ಅಲಗಿಗೆ ಒತ್ತಿ ಹಿಡಿಯುತ್ತದೆ, ಹದಮಾಡಿದ ರಾಸಾಯನಿಕ ಅದಕ್ಕೆ ಜೊತೆಯಾಗುತ್ತದೆ. ಹೊರಗೆ ತೆಗೆದಾಗ ಒರೆಯ ಹೊಲಿಗೆಯ ಗೆರೆಯೇ ಅಲಗಿನ ಮೇಲೆ ತುಕ್ಕಾಗಿ ಮೂಡಿರುತ್ತದೆ. ಅಲಗಿಗೆ ತೆಳುವಾಗಿ ಎಣ್ಣೆ ಒರೆಸಿ, ಮೇಣದ ಕಾಗದದಲ್ಲಿ ಸುತ್ತಿ ಬೇರೆ ಇಡಿ. ಒರೆ ಪಕ್ಕದಲ್ಲಿ ಖಾಲಿ ಇರಲಿ, ಗುಂಡಿ ಬಿಚ್ಚಿಯೇ.